ಸಸಿಮಡಿಯ ಬುಡಕೊಳೆ ರೋಗವೂ ಅದನ್ನು ತಡೆಯುವ ಕ್ರಮವೂ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡಬಿದಿರೆ ಸೀಮೆಗಳಲ್ಲಿ ಮೆಣಸಿನಕಾಯಿ, ಬದನೆ ಮುಂತಾದವುಗಳ ಬೀಜವನ್ನು ಮೊದಲು ಮಡಿಯಲ್ಲಿ ಬಿತ್ತಿ, ಸುಮಾರು 5 ವಾರಗಳ ತರುವಾಯ ಸಸಿಗಳನ್ನು ಕಿತ್ತು ನೆಡುವುದು ವಾಡಿಕೆ. ಚೆನ್ನಾಗಿ ಮೊಳೆತ ಮಡಿಯಲ್ಲಿ ಸಸಿಗಳು ಒಂದೇ ರಾತ್ರಿಯೊಳಗೆ ಗುಂಪುಗುಂಪಾಗಿ ನೆಲಕ್ಕೊರಗುವುದುಂಟು. ಇದರಿಂದ ಬೀಜದ ಬೆಲೆ ಮಾತ್ರವಲ್ಲದೆ ನಾಟಿಯ ಹದವೂ ತಪ್ಪಿಹೋಗುತ್ತದೆ.

ಲಕ್ಷಣ.— ಕಾಂಡವು ಮಣ್ಣಿಗೆ ತಾಗುವ ಎಡೆಯಲ್ಲಿ ಬೆಂದಂತೆ ಮೆತ್ತಗಾಗಿ, ಎಲೆಯು ಹಸುರಾಗಿರುವಾಗಲೇ ಸಸಿಯು ಬಾಗಿ ಬೀಳುವುದು. ಕೆಲವೆಡೆ ಮೊಳಕೆಯು ಮಣ್ಣಿನೊಳಗೇ ಕೊಳೆಯುವುದರಿಂದ, ಬೀಜವೇ ಕೆಟ್ಟದ್ದೆಂದು ರೈತರು ತಪ್ಪಾಗಿ ಭಾವಿಸುವರು.

ಕಾರಣ.— ಪಿಥಿಯಂ, ಫೈಟೋಫ್ತೊರ, ರೈಜೋಕ್ಟೋನಿಯ ಎಂಬ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದು ಈ ರೋಗವನ್ನುಂಟುಮಾಡುತ್ತವೆ. ಮೈಸೂರು ಸಂಸ್ಥಾನದ ಶಾಸ್ತ್ರಜ್ಞರಾಗಿದ್ದ ಡಾ. ಲೆಸ್ಲಿ ಕೋಲ್ಮನ್ನರು 1910ರಲ್ಲಿ ವಿವರಿಸಿದ ಅಡಿಕೆಯ ಕೊಳೆರೋಗವೂ ಫೈಟೋಫ್ತೊರದಿಂದಲೇ ಬರತಕ್ಕದ್ದು. ಪಿಥಿಯಂ ಮತ್ತು ಫೈಟೋಫ್ತೊರಗಳ ಬೀಜಾಣುಗಳು ನೀರಿನಲ್ಲಿ ಈಜಿ ಸಸಿಯಿಂದ ಸಸಿಗೆ ಹೋಗುತ್ತವೆ. ಆದುದರಿಂದ ನೀರು ನಿಲ್ಲದಂತೆ ಮಾಡುವುದೇ ಮುಖ್ಯ ಉಪಾಯ.

ತಡೆಯುವ ಕ್ರಮ.—

1. ಮಳೆಗಾಲದ ಮಡಿಯನ್ನು ಬೈಲಿನಲ್ಲಿ ಮಾಡದೆ, ಬಿಸಿಲು ಬೀಳುವ ಬೆಟ್ಟು ಭೂಮಿಯಲ್ಲಿ ಮಾಡತಕ್ಕದ್ದು. ಮಡಿಯು 1 ಮೀಟರು ಅಗಲ, 15 ಸೆಂಟಿಮೀಟರು ಎತ್ತರವಿದ್ದು, ಸುತ್ತಲೂ ಕಾಲುವೆಯಿರಬೇಕು. ಪ್ರತಿ ವರ್ಷ ಸ್ಥಳವನ್ನು ಬದಲಾಯಿಸುವುದು ಒಳ್ಳೆಯದು.

2. ಏಪ್ರಿಲ್–ಮೇ ತಿಂಗಳಲ್ಲಿ ಮಡಿಗೆ ನೀರು ಹನಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, 4ರಿಂದ 6 ವಾರ ಬಿಡಬೇಕು. ಬಿಸಿಲಿನ ಕಾವಿನಿಂದ ಬೂಷ್ಟು ಬಹುಮಟ್ಟಿಗೆ ನಾಶವಾಗುವುದು.

3. ಹಸಿ ಗೊಬ್ಬರವನ್ನು ಸೇರಿಸಬಾರದು. ಚೆನ್ನಾಗಿ ಕಳಿತ 100 ಕಿಲೋ ಹಟ್ಟಿಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮ ಬೆರೆಸಿ, ತೇವವಾಗಿಟ್ಟು, ನೆರಳಿನಲ್ಲಿ ಕೆಲವು ದಿನವಿರಿಸಿ ಹಾಕುವುದು ಹಿತ. ಇದೂ ಬೂಷ್ಟೇ ಆದರೂ ರೋಗದ ಬೂಷ್ಟನ್ನು ಅಡಗಿಸುತ್ತದೆ.

4. ಬೀಜವನ್ನು ಸಾಲುಗಳಲ್ಲಿ ತೆಳ್ಳಗೆ ಬಿತ್ತಬೇಕು. ಒತ್ತಾಗಿ ಬೆಳೆದ ಸಸಿಗಳ ಬುಡದಲ್ಲಿ ತೇವವು ಆರುವುದಿಲ್ಲ.

5. ನೀರನ್ನು ಬೆಳಗ್ಗೆಯೇ ಮಿತವಾಗಿ ಚಿಮುಕಿಸಬೇಕು. ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ಮಡಿಯು ಒದ್ದೆಯಾಗಿರುವುದು.

ರೋಗ ಕಂಡಾಗ.— ಬಿದ್ದ ಸಸಿಯನ್ನು ಯಾವ ಔಷಧವೂ ಬದುಕಿಸಲಾರದು. ಅವುಗಳನ್ನು ಬುಡದ ಮಣ್ಣು ಸಹಿತ ತೆಗೆದು ದೂರ ಹಾಕಿ, ಆ ಸ್ಥಳಕ್ಕೂ ಸುತ್ತಲಿನ ಮಣ್ಣಿಗೂ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಹುಯ್ಯಬೇಕು. 100 ಗ್ರಾಂ ಮೈಲುತುತ್ತನ್ನು 5 ಲೀಟರು ನೀರಿನಲ್ಲಿಯೂ, 100 ಗ್ರಾಂ ಸುಟ್ಟ ಸುಣ್ಣವನ್ನು ಬೇರೆ 5 ಲೀಟರಿನಲ್ಲಿಯೂ ಕಲಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹುಯ್ಯುತ್ತ ಕದಡಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳನ್ನೇ ಉಪಯೋಗಿಸತಕ್ಕದ್ದು. ಉಜ್ಜಿದ ಚೂರಿಯನ್ನು ಅದ್ದಿದಾಗ ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಉಪಯೋಗಿಸತಕ್ಕದ್ದು. ತಾಮ್ರವು ಟ್ರೈಕೋಡರ್ಮವನ್ನೂ ಕೊಲ್ಲುವುದರಿಂದ ಎರಡನ್ನೂ ಒಟ್ಟಿಗೆ ಹಾಕಲಾಗದು.

ಅಡಿಕೆಯ ಕೊಳೆರೋಗಕ್ಕೆ ಈ ದ್ರಾವಣವನ್ನು ಹೊಡೆಯುವ ತೋಟಗಾರರಿಗೆ ಇದು ಹೊಸತಲ್ಲ. ಗೊನೆಗೆ ರೋಗ ತಗಲುವ ಮೊದಲೇ ಔಷಧ ಹೊಡೆಯುವಂತೆ, ಬಿತ್ತನೆಗೆ ಮೊದಲೇ ಮಡಿಯನ್ನು ಸರಿಪಡಿಸಿದರೆ ನಷ್ಟವು ಬಹಳ ಕಡಮೆಯಾಗುವುದು. ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆಯೇ ಒಂದು ಮಡಿಯನ್ನು ಈ ಕ್ರಮದಂತೆ ಮಾಡಿಸಿ ನೆರೆಹೊರೆಯವರಿಗೆ ತೋರಿಸತಕ್ಕದ್ದು.