ವಿದ್ಯುತ್ ಫ್ಯೂಚರ್ಸ್: ಪರೀಕ್ಷೆಗೆ ಬೇಕಾದಷ್ಟು

1. ವಿದ್ಯುತ್ ಕಾಯ್ದೆ, 2003: ಮರುಮಾರಾಟಕ್ಕಾಗಿ ವಿದ್ಯುತ್ ಖರೀದಿಸುವುದೇ ‘ವ್ಯಾಪಾರ’. ಇದಕ್ಕೆ ಲೈಸೆನ್ಸ್ ಬೇಕು. ವಿತರಣಾ ಲೈಸೆನ್ಸ್ ಇರುವವರಿಗೆ (ಬೆಸ್ಕಾಂ, ಹೆಸ್ಕಾಂ ಮುಂತಾದವು) ಪ್ರತ್ಯೇಕ ವ್ಯಾಪಾರ ಲೈಸೆನ್ಸ್ ಬೇಕಿಲ್ಲ.

2. ವಿದ್ಯುತ್ ವಿನಿಮಯ ಕೇಂದ್ರಗಳು: ಐಇಎಕ್ಸ್ (2008), ಪಿಎಕ್ಸ್‌ಐಎಲ್ (2008), ಎಚ್‌ಪಿಎಕ್ಸ್ (2022). ನಿಯಂತ್ರಕ ಸಿಇಆರ್‌ಸಿ (ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ).

3. ಡೇ-ಅಹೆಡ್ ಮಾರುಕಟ್ಟೆ: ನಾಳೆಯ ವಿದ್ಯುತ್ತಿಗೆ ಇಂದು ಬಿಡ್. ದಿನಕ್ಕೆ 15 ನಿಮಿಷಗಳ 96 ಬ್ಲಾಕ್. ರಿಯಲ್-ಟೈಮ್ ಮಾರುಕಟ್ಟೆ ಆರಂಭ: 1 ಜೂನ್ 2020.

4. ಫ್ಯೂಚರ್ಸ್, ಅಂದರೆ ಮುಂದಿನ ಅವಧಿಯ ದರಕ್ಕೆ ಇಂದೇ ಮಾಡುವ ಒಪ್ಪಂದ (ಈ ಭಾಗವೇ ಮುಖ್ಯ):
- ವಹಿವಾಟು ಆರಂಭ: ಎಂಸಿಎಕ್ಸ್‌ನಲ್ಲಿ 10 ಜುಲೈ 2025, ಎನ್‌ಎಸ್‌ಇಯಲ್ಲಿ 14 ಜುಲೈ 2025. ನಾಲ್ಕು ದಿನಗಳ ಅಂತರ; ಅದಲುಬದಲು ಮಾಡಿ ಕೇಳುತ್ತಾರೆ.
- ನಿಯಂತ್ರಕ ಸೆಬಿ.
- ಒಂದು ಲಾಟ್ = 50 ಮೆಗಾವ್ಯಾಟ್-ಗಂಟೆ = 50,000 ಯೂನಿಟ್.
- ಲೆಕ್ಕ: ಯೂನಿಟ್‌ಗೆ 10 ಪೈಸೆ ಏರಿಳಿತ = ಲಾಟ್‌ಗೆ ₹5,000 ಲಾಭ ಅಥವಾ ನಷ್ಟ.
- ನಗದು ಇತ್ಯರ್ಥ ಮಾತ್ರ; ತಂತಿಯಲ್ಲಿ ವಿದ್ಯುತ್ ಬರುವುದಿಲ್ಲ. ಅಂತಿಮ ದರಕ್ಕೆ ಆಧಾರ ಡೇ-ಅಹೆಡ್ ಬೆಲೆ.
- ಬಿಡಿ ವ್ಯಾಪಾರಿ ನೋಂದಾಯಿತ ಬ್ರೋಕರ್ ಮೂಲಕ, ಮಾರ್ಜಿನ್ ಕಟ್ಟಿ ಭಾಗವಹಿಸಬಹುದು. ವಿದ್ಯುತ್ ವ್ಯಾಪಾರದ ಲೈಸೆನ್ಸ್ ಬೇಡ.

5. ಗೊಂದಲ ಬೇಡ:
- ಸೆಬಿ–ಸಿಇಆರ್‌ಸಿ ವ್ಯಾಪ್ತಿ ವಿವಾದ ಸುಪ್ರೀಂ ಕೋರ್ಟ್‌ನಲ್ಲಿ ಮುಗಿದದ್ದು ಅಕ್ಟೋಬರ್ 2021. ಭೌತಿಕ ವಿತರಣೆಯ ಒಪ್ಪಂದ ಸಿಇಆರ್‌ಸಿಗೆ, ಹಣಕಾಸು ಡೆರಿವೇಟಿವ್ ಸೆಬಿಗೆ.
- ಐಇಎಕ್ಸ್ ಷೇರು ಕೊಂಡರೆ ವಿದ್ಯುತ್ ಕೊಂಡಂತಲ್ಲ. ಅದು ಕಂಪನಿಯ ಪಾಲು. ಅಭ್ಯರ್ಥಿಗಳು ಎಡವುವುದು ಇಲ್ಲೇ.
- ಮೆಗಾವ್ಯಾಟ್ ಸಾಮರ್ಥ್ಯ. ಮೆಗಾವ್ಯಾಟ್-ಗಂಟೆ ಶಕ್ತಿಯ ಪ್ರಮಾಣ.

6. ಬೆಲೆ ಏಕೆ ಜಿಗಿಯುತ್ತದೆ? ವಿದ್ಯುತ್ತನ್ನು ಅಕ್ಕಿ, ಚಿನ್ನದಂತೆ ಗೋದಾಮಿನಲ್ಲಿ ಇಡಲಾಗದು. ಬಿಸಿಲು ಇಳಿದು ಸೌರ ವಿದ್ಯುತ್ ನಿಂತ ಸಂಜೆಗೇ ಬೇಡಿಕೆ ಏರುತ್ತದೆ.