ಮನೆಯಲ್ಲಿ ಕಲಿಯುವ ಮಗು: ವರ್ಷದ ಯೋಜನೆ ಮತ್ತು ದಾಖಲೆಗಳ ಸಿದ್ಧತೆ

ಮಕ್ಕಳಿಗೆ ಶಾಲೆಯಲ್ಲಿಯೇ ವಿದ್ಯಾಭ್ಯಾಸವಾಗಬೇಕೆಂಬುದು ನಮ್ಮ ದೇಶದ ಸಾಮಾನ್ಯ ಪದ್ಧತಿ. ಆದರೂ ಆರೋಗ್ಯದ ಕಾರಣದಿಂದಲೋ, ಪದೇ ಪದೇ ಆಗುವ ವರ್ಗಾವಣೆಯಿಂದಲೋ, ಕ್ರೀಡೆ ಅಥವಾ ಸಂಗೀತದ ವಿಶೇಷ ಅಭ್ಯಾಸಕ್ಕಾಗಿಯೋ, ಸ್ವಂತ ನಂಬಿಕೆಯಿಂದಲೋ ಕೆಲವು ಕುಟುಂಬಗಳು ಮಗುವಿಗೆ ಮನೆಯಲ್ಲಿಯೇ ಪಾಠ ಹೇಳಿಕೊಡುತ್ತವೆ. ಇಂಥ ಪಾಲಕರಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟಾಗುವ ಸಂಭವವಿದೆ. ವರ್ಷ ವರ್ಷವೂ ಯಾವ ಕಚೇರಿಯೂ ಲೆಕ್ಕ ಕೇಳದಿರುವುದರಿಂದ ಕಾಗದಪತ್ರಗಳ ಅಗತ್ಯವೇ ಇಲ್ಲವೆಂದು ಅವರು ಭಾವಿಸಬಹುದು. ವಾಸ್ತವದಲ್ಲಿ ಶಾಲೆಯ ಕಚೇರಿ ಹತ್ತು ವರ್ಷಗಳ ಕಾಲ ಸದ್ದಿಲ್ಲದೆ ಮಾಡುವ ದಾಖಲೆಯ ಕೆಲಸವೆಲ್ಲ ಮನೆಯವರ ಹೆಗಲಿಗೆ ಬರುತ್ತದೆ. ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನ ಆ ದಾಖಲೆಗಳೆಲ್ಲವೂ ಒಮ್ಮೆಲೇ ಬೇಕಾಗುತ್ತವೆ. ಆದ್ದರಿಂದ ಪಾಠದ ಯೋಜನೆ ಮತ್ತು ದಾಖಲೆಗಳ ಯೋಜನೆ ಇವೆರಡನ್ನೂ ವರ್ಷಾರಂಭದಲ್ಲಿ ಒಟ್ಟಿಗೆ ಸಿದ್ಧಪಡಿಸುವುದು ಉಚಿತ.

ಕಾನೂನಿನ ಹಿನ್ನೆಲೆ

2002ರ 86ನೆಯ ಸಂವಿಧಾನ ತಿದ್ದುಪಡಿಯ ಮೂಲಕ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವು ಮೂಲಭೂತ ಹಕ್ಕಾಯಿತು. ಅದೇ ತಿದ್ದುಪಡಿಯು ಈ ವಯಸ್ಸಿನ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದನ್ನು ಪಾಲಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಈ ಹಕ್ಕನ್ನು ಜಾರಿಗೆ ತರಲು ರೂಪಿಸಲಾದ 2009ರ ಶಿಕ್ಷಣ ಹಕ್ಕು ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೆಯ ಪ್ರಕರಣ ಹೇಳುತ್ತದೆ. ಆದರೆ ಈ ಕರ್ತವ್ಯ ತಪ್ಪಿದ ಪಾಲಕರಿಗೆ ಅಧಿನಿಯಮವು ಯಾವ ದಂಡನೆಯನ್ನೂ ವಿಧಿಸಿಲ್ಲ. ಮನೆಯಲ್ಲಿ ಕಲಿಯುವ ಮಕ್ಕಳ ನೋಂದಣಿಗೆ ಪ್ರತ್ಯೇಕ ವ್ಯವಸ್ಥೆಯನ್ನೂ ಅದು ರೂಪಿಸಿಲ್ಲ.

ಹೀಗಾಗಿ ಮನೆಪಾಠಕ್ಕೆಂದು ಭರ್ತಿ ಮಾಡಬೇಕಾದ ವಾರ್ಷಿಕ ನಮೂನೆಯಾಗಲಿ, ಪಡೆಯಬೇಕಾದ ಪರವಾನಗಿಯಾಗಲಿ ಈ ಅಧಿನಿಯಮದಲ್ಲಿ ಇಲ್ಲ. ಜೊತೆಗೆ, ಮನೆಯಲ್ಲಿ ಕಲಿತದ್ದಕ್ಕೆ ತಾನಾಗಿಯೇ ಮಾನ್ಯತೆಯೂ ದೊರೆಯುವುದಿಲ್ಲ. ಮಾನ್ಯತೆ ಪಡೆದ ಮಂಡಳಿಯ ಪರೀಕ್ಷೆಯ ಮೂಲಕವೇ ಅದನ್ನು ಪಡೆಯಬೇಕು. ನಡುವೆ ಮಗು ಶಾಲೆಗೆ ಮರಳಲು ಬಯಸಿದರೆ ಅಧಿನಿಯಮದ 4ನೆಯ ಪ್ರಕರಣದಂತೆ ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಪಡೆಯುವ ಹಾಗೂ ಇತರರಿಗೆ ಸರಿಸಮನಾಗಲು ವಿಶೇಷ ತರಬೇತಿ ಪಡೆಯುವ ಹಕ್ಕು ಅದಕ್ಕೆ ಉಂಟು. ಈ ಬಾಗಿಲು ತೆರೆದಿರುವುದನ್ನು ಪಾಲಕರು ಮರೆಯಬಾರದು.

ವರ್ಷದ ಅಳತೆ

ಎಷ್ಟು ದಿನ, ಎಷ್ಟು ಗಂಟೆ ಕಲಿಸಿದರೆ ಒಂದು ವರ್ಷದ ವಿದ್ಯಾಭ್ಯಾಸವಾಯಿತು ಎಂಬ ಪ್ರಶ್ನೆಗೆ ಅದೇ ಅಧಿನಿಯಮದ ಅನುಸೂಚಿಯಲ್ಲಿ ಒಂದು ಅಳತೆ ದೊರೆಯುತ್ತದೆ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ ಮತ್ತು 800 ಗಂಟೆ, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನ ಮತ್ತು 1,000 ಗಂಟೆ ಬೋಧನೆಯಾಗಬೇಕೆಂದು ಅದು ಶಾಲೆಗಳಿಗೆ ವಿಧಿಸಿದೆ. ಮನೆಗೆ ಇದು ಕಡ್ಡಾಯವಲ್ಲವಾದರೂ ಮಾರ್ಗದರ್ಶಕವಾಗಬಲ್ಲದು. ದಿನಕ್ಕೆ ಲೆಕ್ಕ ಹಾಕಿದರೆ ಕಿರಿಯರಿಗೆ ನಾಲ್ಕು ಗಂಟೆ, ಹಿರಿಯರಿಗೆ ಸುಮಾರು ನಾಲ್ಕೂವರೆ ಗಂಟೆಯಾಗುತ್ತದೆ. ಒಂದೇ ಮಗುವಿಗೆ ಪಾಠ ಹೇಳುವಾಗ ಇಡೀ ದಿನ ಪುಸ್ತಕದ ಮುಂದೆ ಕೂರಿಸುವ ಅವಶ್ಯಕತೆ ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉದಾಹರಣೆಗೆ, ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಹನ್ನೊಂದು ವರ್ಷದ ಮಗುವನ್ನು ಗಮನಿಸಬಹುದು. ವಾರಕ್ಕೆ ಐದು ದಿನಗಳಂತೆ 44 ವಾರ ಪಾಠ ನಡೆದರೆ 220 ದಿನಗಳಾಗುತ್ತವೆ. ಉಳಿದ ಎಂಟು ವಾರಗಳಲ್ಲಿ ನಾಲ್ಕು ಬೇಸಿಗೆಯ ರಜೆಗೆ, ಎರಡು ದಸರಾ ಮತ್ತು ದೀಪಾವಳಿಗೆ ಸಲ್ಲುತ್ತವೆ. ಕೊನೆಯ ಎರಡು ವಾರಗಳನ್ನು ಕಾಯಿಲೆ, ಪ್ರಯಾಣ, ಮನೆಯ ಶುಭಕಾರ್ಯಗಳಿಗೆಂದು ಮೀಸಲಿಡಬೇಕು. ವಾರದ 23 ಗಂಟೆಗಳನ್ನು ಗಣಿತಕ್ಕೆ 5, ವಿಜ್ಞಾನಕ್ಕೆ 4, ಸಮಾಜ ವಿಜ್ಞಾನಕ್ಕೆ 3, ಕನ್ನಡಕ್ಕೆ 3, ಇಂಗ್ಲಿಷಿಗೆ 3, ಮರಾಠಿ ಅಥವಾ ಹಿಂದಿಗೆ 2, ಚಿತ್ರಕಲೆ, ವ್ಯಾಯಾಮ ಮತ್ತು ಕೈಕೆಲಸಕ್ಕೆ 3 ಎಂದು ಹಂಚಬಹುದು. ವರ್ಷಕ್ಕೆ ಇದು 1,012 ಗಂಟೆಗಳಾಗುತ್ತದೆ.

ಪಠ್ಯಪುಸ್ತಕಗಳ ಆಯ್ಕೆಯಲ್ಲಿ ಮುಂದಿನ ಪರೀಕ್ಷೆಯನ್ನು ಗಮನದಲ್ಲಿರಿಸಬೇಕು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಅಂದರೆ ಎನ್.ಸಿ.ಇ.ಆರ್.ಟಿ., ಪ್ರಕಟಿಸುವ ಪುಸ್ತಕಗಳು ಹಿಂದಿ, ಇಂಗ್ಲಿಷ್ ಮತ್ತು ಉರ್ದು ಭಾಷೆಗಳಲ್ಲಿ ಅಂತರಜಾಲದಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಕನ್ನಡ ಭಾಷೆಯ ಪಾಠಗಳಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಅದೇ ರೀತಿ ಪಡೆಯಬಹುದು. ಹೊರನಾಡಿನಲ್ಲಿ ಬೆಳೆಯುವ ಮಗು ಮಾತೃಭಾಷೆಯಲ್ಲಿ ಓದು ಬರಹ ಕಲಿಯಲು ಮನೆಪಾಠವು ಒಳ್ಳೆಯ ಅವಕಾಶ ಒದಗಿಸುತ್ತದೆ.

ಕಲಿಕೆಯ ಕಡತ

ಬರೆದಿಡದ ಪಾಠವನ್ನು ಎರಡು ವರ್ಷಗಳ ನಂತರ ಯಾರೂ ನೆನಪಿನಿಂದ ರುಜುವಾತುಪಡಿಸಲಾರರು. ಆದ್ದರಿಂದ ಪ್ರತಿ ವರ್ಷಕ್ಕೂ ಒಂದು ಪ್ರತ್ಯೇಕ ಕಡತವನ್ನು ತೆರೆಯುವುದು ಲೇಸು. ಅದರಲ್ಲಿ ಈ ಕೆಳಗಿನವು ಇರಬೇಕು.

1. ವರ್ಷಾರಂಭದಲ್ಲಿ ಬರೆದ ವಿಷಯವಾರು ಯೋಜನೆ ಮತ್ತು ಬಳಸಿದ ಪುಸ್ತಕಗಳ ಪಟ್ಟಿ.
2. ದಿನಾಂಕ, ವಿಷಯ, ಅವಧಿ ಇವನ್ನು ಒಂದೊಂದು ಸಾಲಿನಲ್ಲಿ ನಮೂದಿಸಿದ ದಿನಚರಿ.
3. ಪ್ರತಿ ವಿಷಯದಲ್ಲಿ ವರ್ಷದ ಆರಂಭ, ಮಧ್ಯ ಮತ್ತು ಅಂತ್ಯದಲ್ಲಿ ಮಗು ಬರೆದ ಒಂದೊಂದು ಬರಹದ ಮಾದರಿ.
4. ಮನೆಯಲ್ಲಿ ನಡೆಸಿದ ಪರೀಕ್ಷೆಗಳ ಉತ್ತರಪತ್ರಿಕೆಗಳು.
5. ಸಂಗೀತ, ಚಿತ್ರಕಲೆ, ಕ್ರೀಡೆ ಮುಂತಾದವುಗಳಲ್ಲಿ ದೊರೆತ ಪ್ರಮಾಣಪತ್ರಗಳು.

ಮೂರನೆಯ ಅಂಶ ಮುಖ್ಯವಾದುದು. ಎಲ್ಲ ನೋಟುಪುಸ್ತಕಗಳನ್ನೂ ಕೂಡಿಡುವುದಕ್ಕಿಂತ, ಜೂನ್ ತಿಂಗಳಲ್ಲಿ ಬರೆದ ಪ್ರಬಂಧವನ್ನೂ ಮಾರ್ಚ್ ತಿಂಗಳಲ್ಲಿ ಬರೆದ ಪ್ರಬಂಧವನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ ಮಗುವಿನ ಪ್ರಗತಿ ತಾನಾಗಿಯೇ ಕಾಣುತ್ತದೆ. ಶಾಲೆಗೆ ಮರಳುವ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರಿಗೆ ಮಗುವಿನ ಮಟ್ಟ ತಿಳಿಯಲು ಇದು ನೆರವಾಗುತ್ತದೆ.

ಮಗು ಈ ಮೊದಲು ಶಾಲೆಗೆ ಹೋಗಿದ್ದರೆ, ಬಿಡುವಾಗಲೇ ವರ್ಗಾವಣೆ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳನ್ನು ಪಡೆದುಕೊಳ್ಳತಕ್ಕದ್ದು. ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಐದಾರು ವರ್ಷಗಳ ನಂತರ ಬೇರೊಂದು ಊರಿನಿಂದ ಹಳೆಯ ಶಾಲೆಗೆ ಬರೆದು ಇವನ್ನು ತರಿಸುವುದು ಸುಲಭವಲ್ಲ.

ಹೆಸರು ಮತ್ತು ಜನ್ಮದಿನಾಂಕ

ಹೊರನಾಡ ಕನ್ನಡಿಗರಿಗೆ ವಿಶೇಷ ತೊಡಕು ಉಂಟಾಗುವುದು ಇಲ್ಲಿಯೇ. ಕರ್ನಾಟಕದ ಅನೇಕ ಮನೆತನಗಳಲ್ಲಿ ಹೆಸರಿನೊಡನೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸುವ ರೂಢಿಯಿದೆ. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ಕ್ರಮವಿದೆ. ಮೊದಲಕ್ಷರಗಳಿರುವ ಹೆಸರನ್ನು ಒಂದು ಕಚೇರಿ ಹಾಗೆಯೇ ಬರೆದುಕೊಂಡರೆ, ಇನ್ನೊಂದು ಅದನ್ನು ಬಿಡಿಸಿ ಬರೆಯುತ್ತದೆ. ಮತ್ತೊಂದು ಊರಿನ ಹೆಸರನ್ನೇ ಅಡ್ಡಹೆಸರೆಂದು ತಿಳಿಯುತ್ತದೆ. ಹೀಗೆ ಒಂದೇ ಮಗುವಿಗೆ ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲೆಯ ದಾಖಲೆಗಳಲ್ಲಿ ಮೂರು ಹೆಸರುಗಳಾಗುತ್ತವೆ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಅಚ್ಚಾದ ಹೆಸರು ಮತ್ತು ಜನ್ಮದಿನಾಂಕಗಳನ್ನು ಕಾಲೇಜು, ಪಾಸ್‌ಪೋರ್ಟ್, ಉದ್ಯೋಗ ಎಲ್ಲ ಕಡೆಯೂ ಕೇಳುವುದರಿಂದ, ಅದಕ್ಕೆ ಮೊದಲೇ ಈ ವ್ಯತ್ಯಾಸಗಳನ್ನು ಸರಿಪಡಿಸಿಕೊಳ್ಳುವುದು ಅತ್ಯಗತ್ಯ.

ಎಲ್ಲಕ್ಕೂ ಮೂಲ ಜನನ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಅಧಿನಿಯಮಕ್ಕೆ 2023ರಲ್ಲಿ ಆದ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದು ಅಥವಾ ಅನಂತರ ಜನಿಸಿದವರಿಗೆ ಶಿಕ್ಷಣ ಸಂಸ್ಥೆಗಳ ಪ್ರವೇಶವೂ ಸೇರಿದಂತೆ ಹಲವು ಕಾರ್ಯಗಳಲ್ಲಿ ಜನ್ಮದಿನಾಂಕ ಮತ್ತು ಜನ್ಮಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಮೊದಲು ಹುಟ್ಟಿದವರಿಗೂ ಇದು ಅತ್ಯಂತ ಬಲವಾದ ದಾಖಲೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಮುಂಬಯಿ ಅಥವಾ ದೆಹಲಿಯಲ್ಲಿ ಬೆಳೆದ ಮಗುವಿನ ಜನನವು ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ನೋಂದಣಿಯಾಗಿರುತ್ತದೆ. ನೋಂದಣಿಯಲ್ಲಿ ತಿದ್ದುಪಡಿ ಮಾಡುವ ಅಧಿಕಾರ ಜನನವಾದ ಸ್ಥಳದ ನೋಂದಣಾಧಿಕಾರಿಗೆ ಮಾತ್ರ ಇರುತ್ತದೆ. ಈಗ ವಾಸಿಸುವ ನಗರದ ಕಚೇರಿಯಲ್ಲಿ ಆ ಕೆಲಸವಾಗದು. ಹೆಸರಿಡುವ ಮೊದಲೇ ನೋಂದಣಿಯಾದ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಖಾಲಿಯೇ ಉಳಿದಿರಬಹುದು. ಇದನ್ನು ಹದಿನೈದು ವರ್ಷಗಳೊಳಗೆ ತುಂಬಿಸಿಕೊಳ್ಳಲು ನಿಯಮಗಳಲ್ಲಿ ಅವಕಾಶವಿದೆ. ಆದ್ದರಿಂದ ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಈ ಕೆಲಸವನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.

ಜನನ ಪ್ರಮಾಣಪತ್ರ ಸರಿಯಾದ ನಂತರವೇ ಆಧಾರ್ ತಿದ್ದುಪಡಿಗೆ ಹೋಗುವುದು ಕ್ರಮ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ತಿದ್ದಲು ಸಾಮಾನ್ಯವಾಗಿ ಅವಕಾಶವಿರುವುದರಿಂದ ಅವಸರ ಸಲ್ಲದು. ಐದು ಮತ್ತು ಹದಿನೈದು ವರ್ಷ ತುಂಬಿದಾಗ ಮಗುವಿನ ಬೆರಳಚ್ಚು ಮುಂತಾದವನ್ನು ಹೊಸದಾಗಿ ನೀಡಬೇಕೆಂಬುದೂ ನೆನಪಿನಲ್ಲಿರಲಿ.

ಪರೀಕ್ಷೆಯ ದಾರಿ

ಮನೆಯಲ್ಲಿ ಕಲಿತ ಮಕ್ಕಳಿಗೆ ದೇಶದಾದ್ಯಂತ ಲಭ್ಯವಿರುವ ಪ್ರಮುಖ ಮಾರ್ಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್.ಐ.ಒ.ಎಸ್. 1979ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಒಂದು ಯೋಜನೆಯಾಗಿ ಆರಂಭವಾದ ಮುಕ್ತ ಶಾಲೆಯು 1989ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. 2002ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದರ ಮುಖ್ಯ ಕಚೇರಿ ನೋಯ್ಡಾದಲ್ಲಿದೆ. ಮುಕ್ತ ಮೂಲ ಶಿಕ್ಷಣ ಕಾರ್ಯಕ್ರಮದ ಮೂರು ಹಂತಗಳು ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮಾನವಾಗಿವೆ.

ಹತ್ತನೆಯ ತರಗತಿಗೆ ಸಮಾನವಾದ ಮಾಧ್ಯಮಿಕ ಹಂತಕ್ಕೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು. ಎಂಟನೆಯ ತರಗತಿಯ ಪ್ರಮಾಣಪತ್ರವಿಲ್ಲದವರು ಈ ಪಠ್ಯಕ್ರಮವನ್ನು ಓದಲು ಸಾಕಷ್ಟು ಕಲಿತಿರುವುದಾಗಿ ಸ್ವಯಂ ಘೋಷಣೆ ನೀಡಬಹುದು. ಮನೆಯಲ್ಲಿ ಇರಿಸಿದ ಕಲಿಕೆಯ ಕಡತವು ಆ ಘೋಷಣೆಗೆ ಬೆಂಬಲವಾಗಿರುತ್ತದೆ. ಜನ್ಮದಿನಾಂಕ, ಗುರುತು ಮತ್ತು ವಿಳಾಸದ ದಾಖಲೆಗಳು, ಭಾವಚಿತ್ರ, ಸಹಿ ಇವು ಎಲ್ಲರಿಗೂ ಬೇಕು. ಅನ್ವಯಿಸುವವರು ಜಾತಿ ಪ್ರಮಾಣಪತ್ರ ಅಥವಾ ಅಂಗವೈಕಲ್ಯ ಪ್ರಮಾಣಪತ್ರವನ್ನೂ ಒದಗಿಸಬೇಕು.

ಉತ್ತೀರ್ಣರಾಗಲು ಕನಿಷ್ಠ ಒಂದು ಭಾಷೆಯೂ ಸೇರಿದಂತೆ ಐದು ವಿಷಯಗಳು ಅವಶ್ಯ. ಗರಿಷ್ಠ ಎರಡು ಭಾಷೆಗಳನ್ನು ಆರಿಸಿಕೊಳ್ಳಬಹುದು. ಮಾಧ್ಯಮಿಕ ಹಂತದ ಭಾಷಾ ವಿಷಯಗಳಲ್ಲಿ ಕನ್ನಡವೂ ಉಂಟು ಎಂಬುದು ಹೊರನಾಡ ಕನ್ನಡಿಗರಿಗೆ ಸಂತಸದ ಸಂಗತಿ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಒಮ್ಮೆ ಮಾಡಿದ ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ. ಆ ಅವಧಿಯಲ್ಲಿ ಒಂಬತ್ತು ಅವಕಾಶಗಳು ದೊರೆಯುವುದರಿಂದ ಐದೂ ವಿಷಯಗಳನ್ನು ಒಮ್ಮೆಲೇ ಬರೆಯಬೇಕಾಗಿಲ್ಲ. ಆದರೆ ಮನೆಯಲ್ಲಿ ಬರೆದು ನಿಗದಿತ ದಿನದೊಳಗೆ ಸಲ್ಲಿಸಬೇಕಾದ ನಿಯೋಜಿತ ಕಾರ್ಯಗಳಿಗೆ ಶೇಕಡ 20ರಷ್ಟು ಅಂಕಗಳಿವೆ. ಆ ದಿನ ಕಳೆದರೆ ಅಂಕಗಳೂ ಕಳೆದಂತೆಯೇ.

ರಾಜ್ಯಗಳ ಮಟ್ಟದಲ್ಲಿಯೂ ಮಾರ್ಗಗಳಿವೆ. ಮಹಾರಾಷ್ಟ್ರ ಮಂಡಳಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳು 17ನೆಯ ನಮೂನೆಯ ಮೂಲಕ ಅರ್ಜಿ ಸಲ್ಲಿಸುತ್ತಾರೆ. ಹೈದರಾಬಾದಿನಲ್ಲಿ ತೆಲಂಗಾಣ ಮುಕ್ತ ಶಾಲಾ ಸಂಸ್ಥೆ ಇದೆ. ಯಾವ ಮಾರ್ಗವನ್ನು ಆರಿಸಿಕೊಳ್ಳುವುದಾದರೂ ಮಗು ಮುಂದೆ ಓದಬಯಸುವ ವಿಷಯದ ಅರ್ಹತೆಯನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಉದಾಹರಣೆಗೆ, ಎಂಜಿನಿಯರಿಂಗ್ ಸಂಸ್ಥೆಗಳ ಜೆ.ಇ.ಇ. ಪರೀಕ್ಷೆಗೆ ಮುಕ್ತ ಶಾಲೆಯ ಹನ್ನೆರಡನೆಯ ತರಗತಿಯಲ್ಲಿ ಕನಿಷ್ಠ ಐದು ವಿಷಯಗಳಿರಬೇಕು.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ದಾಖಲೆಗಳ ವೇಳಾಪಟ್ಟಿ ಸಿದ್ಧವಾಗುತ್ತದೆ. ಏಪ್ರಿಲ್ ತಿಂಗಳ ಪರೀಕ್ಷೆಗೆ ಪ್ರವೇಶವು ಹಿಂದಿನ ವರ್ಷದ ಮಾರ್ಚ್ ಸುಮಾರಿಗೆ ಆರಂಭವಾಗುತ್ತದೆ. ನಿಖರವಾದ ದಿನಾಂಕಗಳನ್ನು ಆಯಾ ವರ್ಷದ ವಿವರಣ ಪುಸ್ತಿಕೆಯಲ್ಲಿ ನೋಡಬೇಕು. ಅದಕ್ಕೂ ಒಂದು ವರ್ಷ ಮೊದಲು, ಅಂದರೆ ಮಗುವಿಗೆ ಹದಿಮೂರು ತುಂಬುವ ವೇಳೆಗೆ, ಎಲ್ಲ ದಾಖಲೆಗಳಲ್ಲಿಯೂ ಹೆಸರು ಮತ್ತು ಜನ್ಮದಿನಾಂಕ ಒಂದೇ ಆಗಿರಬೇಕು. ಜನನ ಪ್ರಮಾಣಪತ್ರದ ಪರಿಶೀಲನೆಯನ್ನು ಮನೆಪಾಠದ ಮೊದಲ ವರ್ಷದಲ್ಲಿಯೇ ಮುಗಿಸುವುದು ಉತ್ತಮ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಯೋಜನೆ ಬರೆಯುವುದು, ಅಕ್ಟೋಬರ್ ತಿಂಗಳಲ್ಲಿ ಪ್ರಗತಿಯನ್ನು ಅಳೆದು ಯೋಜನೆಯನ್ನು ತಿದ್ದುವುದು, ಮಾರ್ಚ್ ತಿಂಗಳಲ್ಲಿ ಕಡತವನ್ನು ಮುಚ್ಚುವುದು, ಬೇಸಿಗೆಯಲ್ಲಿ ಕಚೇರಿಗಳ ಕೆಲಸ ಪೂರೈಸುವುದು ಎಂಬ ಕ್ರಮವನ್ನು ಇಟ್ಟುಕೊಂಡರೆ ಯಾವುದೂ ಹೊರೆಯಾಗುವುದಿಲ್ಲ. ಮೂಲ ದಾಖಲೆಗಳನ್ನು ಒಂದೆಡೆ, ಅವುಗಳ ಪ್ರತಿಗಳನ್ನು ಇನ್ನೊಂದೆಡೆ ಇಡಬೇಕು.

ಮಗುವಿಗೆ ಕಲಿಸುವ ಶ್ರಮ ಪಾಲಕರದು. ಕಲಿತದ್ದಕ್ಕೆ ಮನ್ನಣೆ ಪಡೆಯುವ ಹಕ್ಕು ಮಗುವಿನದು. ಒಂದು ಅಕ್ಷರದ ವ್ಯತ್ಯಾಸದಿಂದಲೋ ಒಂದು ದಿನದ ವಿಳಂಬದಿಂದಲೋ ಆ ಹಕ್ಕಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಮನೆಪಾಠದ ಅವಿಭಾಜ್ಯ ಅಂಗವೇ ಆಗಿದೆ.