ಮಗ್ಗದ ಊರು ದೊಡ್ಡಬಳ್ಳಾಪುರ

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ, ಹಿಂದೂಪುರದ ಕಡೆಗೆ ಸಾಗುವ ರೈಲುಮಾರ್ಗದ ಮೇಲೆ ದೊಡ್ಡಬಳ್ಳಾಪುರ ನಗರವಿದೆ. ಪರಸ್ಥಳದಿಂದ ಬಂದವರು ಇದರ ಹಳೆಯ ಬೀದಿಗಳಲ್ಲಿ ಕಾಲಿಟ್ಟೊಡನೆ ಒಂದು ಸದ್ದನ್ನು ಕೇಳುತ್ತಾರೆ. ಅದು ಒಂದು ಮನೆಯಿಂದ ಬರುವ ಸದ್ದಲ್ಲ. ಸಾಲು ಸಾಲಾಗಿ ನಿಂತ ಮನೆಗಳೊಳಗಿಂದ ಏಕಕಾಲದಲ್ಲಿ ಹೊರಡುವ ಮಗ್ಗಗಳ ಸದ್ದು. ಹೊಸಬರಿಗೆ ಅದು ಕಿವಿಗಡಚಿಕ್ಕುವಂಥದು. ಊರಿನವರಿಗಾದರೋ ಅದು ನಿಂತಾಗಲೇ ಎಚ್ಚರವಾಗುತ್ತದೆ. ಮಗ್ಗ ಆಡುತ್ತಿದ್ದರೆ ಮನೆ ನಡೆಯುತ್ತಿದೆ ಎಂದು ಅರ್ಥ. ಮಗ್ಗ ನಿಂತಿದ್ದರೆ ಆ ಮನೆಯಲ್ಲಿ ಏನೋ ತೊಂದರೆ ಎಂದು ಅರ್ಥ.

ಊರಿನ ಹೆಸರಿಗೆ ಸಂಬಂಧಿಸಿದಂತೆ ಒಂದು ಐತಿಹ್ಯವಿದೆ. ಹಸುವೊಂದು ದಿನವೂ ಒಂದು ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲನ್ನು ಸುರಿಸುತ್ತಿತ್ತಂತೆ. ಬಳ್ಳವೆಂದರೆ ಹಿಂದಿನ ಕಾಲದ ಒಂದು ಅಳತೆ. ಆ ಬಳ್ಳದಿಂದಲೇ ಬಳ್ಳಾಪುರವಾಯಿತೆಂದು ಜನ ಹೇಳುತ್ತಾರೆ. ಸಮೀಪದ ಇನ್ನೊಂದು ಊರು ಚಿಕ್ಕಬಳ್ಳಾಪುರವಾದುದರಿಂದ ಇದು ದೊಡ್ಡಬಳ್ಳಾಪುರವೆನಿಸಿತು. ಊರಿನ ಸ್ಥಾಪನೆಯನ್ನು ಆವತಿಯ ನಾಡಪ್ರಭುಗಳ ಮನೆತನಕ್ಕೆ ಸೇರಿಸಿ ಹೇಳುವುದು ವಾಡಿಕೆ. 1638ರಲ್ಲಿ ಇದು ಬಿಜಾಪುರದ ಸುಲ್ತಾನರ ವಶವಾಯಿತು. ಅನಂತರ ಮೊಗಲರ ಕೈಸೇರಿ, 1761ರಲ್ಲಿ ಹೈದರಾಲಿಯ ಅಧೀನಕ್ಕೆ ಬಂದಿತು. ಆಳಿದವರು ಬದಲಾದರು, ಬೀದಿಗಳು ಬದಲಾದವು. ಆದರೆ ಈ ಊರಿಗೆ ಇಂದಿನ ರೂಪವನ್ನು ಕೊಟ್ಟವರು ಅರಸರಲ್ಲ, ನೇಕಾರರು.

ದೇವಾಂಗ, ಪದ್ಮಶಾಲಿ, ತೊಗಟವೀರ, ಕುರುಹಿನಶೆಟ್ಟಿ ಮೊದಲಾದ ನೇಯ್ಗೆಯ ಸಮುದಾಯಗಳು ಇಲ್ಲಿ ನೆಲೆನಿಂತಿವೆ. ಮುಸ್ಲಿಂ ಕುಟುಂಬಗಳೂ ಈ ಉದ್ಯೋಗದಲ್ಲಿ ಪಾಲುಗೊಂಡಿವೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. ದೇವಾಂಗರು ದೇವಲ ಮಹರ್ಷಿಯನ್ನು ತಮ್ಮ ಮೂಲಪುರುಷನೆಂದು ಭಾವಿಸಿ ಚೌಡೇಶ್ವರಿಯನ್ನು ಪೂಜಿಸುತ್ತಾರೆ; ಪದ್ಮಶಾಲಿಗಳು ಮಾರ್ಕಂಡೇಯನನ್ನು ಸ್ಮರಿಸುತ್ತಾರೆ. ದೇವರು ಬೇರೆ, ಮನೆಮಾತು ಬೇರೆ. ಆದರೆ ಎಲ್ಲರ ಅನ್ನವೂ ಒಂದೇ ಹಾಸಿನ ಎಳೆಗಳಿಗೆ ಕಟ್ಟುಬಿದ್ದಿದೆ. ಮೊದಲು ಕೈಮಗ್ಗಗಳಿಂದ ತುಂಬಿದ್ದ ಈ ಊರಿಗೆ ಕಳೆದ ಶತಮಾನದಲ್ಲಿ ವಿದ್ಯುತ್ ಮಗ್ಗಗಳು ಬಂದವು. ಇಂದು ಸಾವಿರಾರು ವಿದ್ಯುತ್ ಮಗ್ಗಗಳಿರುವ ಈ ನಗರವು ರೇಷ್ಮೆ ಮತ್ತು ಕೃತಕ ರೇಷ್ಮೆಯ ಸೀರೆಗಳಿಗೆ ನಾಡಿನಲ್ಲೆಲ್ಲ ಹೆಸರಾಗಿದೆ.

ಒಂದು ಸೀರೆಯು ಸಿದ್ಧವಾಗುವುದು ಒಬ್ಬನ ಕೈಯಿಂದಲ್ಲ. ಶಿಡ್ಲಘಟ್ಟ, ರಾಮನಗರ ಮೊದಲಾದ ಮಾರುಕಟ್ಟೆಗಳಲ್ಲಿ ಮಾರಾಟವಾಗುವ ರೇಷ್ಮೆಗೂಡಿನಿಂದ ಮೊದಲು ನೂಲನ್ನು ಬಿಚ್ಚುತ್ತಾರೆ. ಆ ನೂಲಿಗೆ ಹುರಿ ಕೊಡುತ್ತಾರೆ. ಹಸಿ ನೂಲಿನ ಮೇಲೆ ಹುಳುವೇ ಲೇಪಿಸಿದ ಒಂದು ಬಗೆಯ ಅಂಟು ಇರುತ್ತದೆ. ಅದನ್ನು ಸಾಬೂನಿನ ನೀರಿನಲ್ಲಿ ಕುದಿಸಿ ತೆಗೆದ ಮೇಲೆಯೇ ರೇಷ್ಮೆಗೆ ಹೊಳಪೂ ಮೃದುತ್ವವೂ ಬರುತ್ತವೆ. ಹೀಗೆ ಕುದಿಸಿದಾಗ ನೂಲಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇಳಿಯುತ್ತದೆ. ಬಳಿಕ ಬಣ್ಣ ಹಾಕಿ, ಒಣಗಿಸಿ, ಹಾಸಿನ ಎಳೆಗಳನ್ನು ಉದ್ದಕ್ಕೆ ಜೋಡಿಸುತ್ತಾರೆ. ಹಳೆಯ ಹಾಸು ಮುಗಿದಾಗ ಅದರ ಸಾವಿರಾರು ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಹೊಸೆದು ಕೆಚ್ಚುವುದು ಅತ್ಯಂತ ತಾಳ್ಮೆಯ ಕೆಲಸ. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವ ಕೆಲಸವನ್ನು ಹೆಚ್ಚಾಗಿ ಮನೆಯ ಹೆಂಗಸರೂ ವೃದ್ಧರೂ ಮಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಲಾಳಿ ಓಡುತ್ತದೆ. ಅಂಗಡಿಯಲ್ಲಿ ಸೀರೆಯನ್ನು ಕೊಳ್ಳುವವರ ಕಣ್ಣಿಗೆ ನೇಕಾರನೊಬ್ಬನೇ ಕಂಡಾನು; ಆದರೆ ಅವನ ಹಿಂದೆ ಒಂದು ಬೀದಿಯೇ ನಿಂತಿರುತ್ತದೆ.

ಸೀರೆಯ ಅಂಚು ಸೆರಗುಗಳಲ್ಲಿ ಹೂವು, ಬಳ್ಳಿ, ನವಿಲುಗಳನ್ನು ಮೂಡಿಸುವುದಕ್ಕೆ ಮಗ್ಗದ ಮೇಲ್ಭಾಗದಲ್ಲಿ ಒಂದು ಸಾಧನವನ್ನು ಕೂರಿಸಿರುತ್ತಾರೆ. ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬಾತನು 1804ರಲ್ಲಿ ಇದನ್ನು ರೂಪಿಸಿದನು. ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳು ಒಂದರ ಹಿಂದೆ ಒಂದು ಸರಿಯುತ್ತವೆ. ರಂಧ್ರವಿದ್ದ ಕಡೆ ಎಳೆ ಮೇಲೇಳುತ್ತದೆ. ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಹೀಗೆ ಚಿತ್ರವು ಬಟ್ಟೆಯಲ್ಲಿ ಮೂಡುತ್ತದೆ. ರಂಧ್ರದ ಪಟ್ಟಿಗಳಿಂದ ಯಂತ್ರಕ್ಕೆ ಆಜ್ಞೆ ಕೊಡುವ ಈ ಉಪಾಯವೇ ಮುಂದೆ ಗಣಕಯಂತ್ರವನ್ನು ಕಲ್ಪಿಸಿದವರಿಗೂ ದಾರಿ ತೋರಿತು. ಕಂಪ್ಯೂಟರ್ ಉದ್ಯಮಕ್ಕೆ ಬೆಂಗಳೂರು ಪ್ರಸಿದ್ಧವಾಗುವುದಕ್ಕೆ ಬಹಳ ಮೊದಲೇ ಅದರ ನೆರೆಯ ಊರಿನ ನೇಕಾರರು ಆ ತತ್ತ್ವವನ್ನು ದಿನನಿತ್ಯ ಬಳಸುತ್ತಿದ್ದರು.

ಮಗ್ಗದ ಹೊರಗೂ ಊರಿಗೆ ಒಂದು ಬದುಕಿದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದಾಗ ದೊಡ್ಡಬಳ್ಳಾಪುರವು ಅದರ ತಾಲ್ಲೂಕು ಕೇಂದ್ರಗಳಲ್ಲಿ ಒಂದಾಯಿತು. ಊರಿನ ಆಡಳಿತವನ್ನು ನಗರಸಭೆ ನೋಡಿಕೊಳ್ಳುತ್ತದೆ. 2021ರ ಚುನಾವಣೆಯಲ್ಲಿ 31 ವಾರ್ಡುಗಳಿಂದ ಸದಸ್ಯರು ಆರಿಸಿಬಂದರು. ‘ಲೋಕಸೇವಾನಿರತ’ ಎಂಬ ಬಿರುದಿಗೆ ಪಾತ್ರರಾಗಿದ್ದ ಕೊಂಗಾಡಿಯಪ್ಪನವರ ಹೆಸರನ್ನು ಇಲ್ಲಿನ ಕಾಲೇಜು ಹೊತ್ತಿದೆ. ಒಬ್ಬ ಲೋಕಸೇವಕನ ಹೆಸರನ್ನು ವಿದ್ಯಾಲಯಕ್ಕೆ ಇಟ್ಟು ನೆನೆಯುವ ಊರು ವಿದ್ಯೆಯ ಬೆಲೆಯನ್ನು ಬಲ್ಲ ಊರು. ನವೆಂಬರ್ ತಿಂಗಳಲ್ಲಿ ಕನ್ನಡ ರಾಜ್ಯೋತ್ಸವ ನಡೆಯುವಾಗ ತೆಲುಗು, ಉರ್ದು ಮನೆಮಾತಿನವರೂ ಅದರಲ್ಲಿ ಸೇರುತ್ತಾರೆ.

ನಗರದ ಉತ್ತರಕ್ಕೆ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿದೆ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯನೂ ಹಿಂದೆ ನರಸಿಂಹನೂ ಇರುವುದು ಈ ದೇವಾಲಯದ ವಿಶೇಷ. ಹಿಂಬದಿಯ ಮೂರ್ತಿಯನ್ನು ಭಕ್ತರು ಕನ್ನಡಿಯಲ್ಲಿ ದರ್ಶನ ಮಾಡುತ್ತಾರೆ. ಪುಷ್ಯ ಮಾಸದ ಶುದ್ಧ ಷಷ್ಠಿಯಂದು ಬ್ರಹ್ಮರಥೋತ್ಸವ ನಡೆಯುತ್ತದೆ. ಅದೇ ಚಳಿಗಾಲದಲ್ಲಿ ಸೇರುವ ದನಗಳ ಜಾತ್ರೆಗೆ ದೂರದೂರದ ರೈತರು ತಮ್ಮ ಎತ್ತುಗಳನ್ನು ಸಿಂಗರಿಸಿ ತರುತ್ತಾರೆ. ನೇಕಾರರ ಊರು ರೈತರ ನಾಡಿನ ನಡುವೆಯೇ ಇದೆ ಎಂಬುದನ್ನು ಈ ಜಾತ್ರೆಯು ವರ್ಷಕ್ಕೊಮ್ಮೆ ನೆನಪಿಗೆ ತರುತ್ತದೆ.

ಈ ನಾಡಿನ ಬದುಕಿಗೆ ಆಧಾರವಾಗಿದ್ದುದು ಅರ್ಕಾವತಿ ನದಿ. ನಂದಿಬೆಟ್ಟದಲ್ಲಿ ಹುಟ್ಟುವ ಈ ಹೊಳೆಯು ಕೆರೆಯಿಂದ ಕೆರೆಗೆ ಹರಿದು, ದೊಡ್ಡಬಳ್ಳಾಪುರದ ನಾಗರಕೆರೆಯನ್ನು ತುಂಬಿಸಿ, ಹೆಸರಘಟ್ಟದ ಮೂಲಕ ಮುಂದೆ ಸಾಗಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. 1894ರಲ್ಲಿ ಹೆಸರಘಟ್ಟದಲ್ಲಿಯೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಇದೇ ನದಿಗೆ ಜಲಾಶಯ ನಿರ್ಮಿಸಿ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಲಾಯಿತು. ಮಹಾನಗರಕ್ಕೆ ನೀರೆರೆದ ಆ ನದಿ ಇಂದು ವರ್ಷದ ಬಹುಭಾಗ ಒಣಗಿಯೇ ಇರುತ್ತದೆ. ರಾಜಕಾಲುವೆಗಳು ಮುಚ್ಚಿಹೋದವು, ಕೊಳವೆಬಾವಿಗಳು ಆಳಕ್ಕೆ, ಮತ್ತೂ ಆಳಕ್ಕೆ ಇಳಿದವು. ನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ತಮ್ಮ ಕೆರೆಗಳಿಗೆ ಸೇರುತ್ತಿವೆಯೆಂದು ಕೆಳಭಾಗದ ಗ್ರಾಮಸ್ಥರು ಹೋರಾಟಕ್ಕೆ ಇಳಿದುದೂ ಉಂಟು. ನಗರವು ಈಗ ಕೊಳವೆಬಾವಿಗಳ ಜೊತೆಗೆ ಜಕ್ಕಲಮಡುಗು ಜಲಾಶಯದ ನೀರನ್ನೂ ಅವಲಂಬಿಸಿದೆ. ಬಣ್ಣ ಹಾಕುವುದಕ್ಕೆ ನೀರು ಬೇಕು. ಬಣ್ಣದ ನೀರನ್ನು ಶುದ್ಧಿಗೊಳಿಸದೆ ಬಿಟ್ಟರೆ ಕುಡಿಯುವ ನೀರು ಕೆಡುತ್ತದೆ. ಊರಿನ ಕಸುಬು ಊರಿನ ನೀರಿಗೆ ಶತ್ರುವಾಗದಂತೆ ನೋಡಿಕೊಳ್ಳುವುದು ಇಂದಿನ ಪೌರರ ಮುಂದಿರುವ ಕಠಿಣ ಕರ್ತವ್ಯ.

ನೇಕಾರರ ಕಷ್ಟಗಳೂ ಕಡಿಮೆಯವಲ್ಲ. ನೂಲಿನ ಬೆಲೆ ಏರಿದಷ್ಟು ಸುಲಭವಾಗಿ ಸೀರೆಯ ಬೆಲೆ ಏರುವುದಿಲ್ಲ. ಗುಜರಾತಿನ ಸೂರತ್ತಿನ ಬೃಹತ್ ಗಿರಣಿಗಳಿಂದ ಅಗ್ಗದ ಸೀರೆಗಳು ಬರುತ್ತವೆ. ವೇಗವಾಗಿ ಓಡುವ ಹೊಸ ಮಗ್ಗಗಳು ಬಂದಂತೆ, ಎರಡು ನಾಲ್ಕು ಹಳೆಯ ಮಗ್ಗಗಳನ್ನು ನಂಬಿದ ಮನೆ ಹಿಂದೆ ಬೀಳುತ್ತದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದ ಕಾರಣ ದೇಶವೆಲ್ಲ ಸ್ತಬ್ಧವಾದಾಗ ಈ ಊರಿನ ಬೀದಿಗಳೂ ಮೌನವಾದವು. ಮದುವೆಗಳು ನಿಂತವು, ಮದುವೆಯ ಕಾಲಕ್ಕೆಂದು ನೇಯ್ದ ಸೀರೆಗಳು ಮನೆಯಲ್ಲಿಯೇ ಉಳಿದವು. ಆ ಮೌನದ ದಿನಗಳನ್ನು ಊರು ಇನ್ನೂ ಮರೆತಿಲ್ಲ. 2023ರಲ್ಲಿ ರಾಜ್ಯ ಸರ್ಕಾರವು 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ತಿನ ಯೋಜನೆಯನ್ನು ತಂದಿತು. ಇದರಿಂದ ಚಿಕ್ಕ ಘಟಕಗಳಿಗೆ ನೆರವಾಗಿದೆ. ಆದರೂ ನೇಕಾರರ ಮಕ್ಕಳಲ್ಲಿ ಅನೇಕರು ಕಾರ್ಖಾನೆಗಳಿಗೂ ಬೆಂಗಳೂರಿನ ಕಚೇರಿಗಳಿಗೂ ಬೆಳಗಿನ ರೈಲಿನಲ್ಲಿ, ಬಸ್ಸಿನಲ್ಲಿ ಹೊರಡುತ್ತಾರೆ. ಅವರನ್ನು ತಪ್ಪೆನ್ನಲಾಗದು. ಹೊಟ್ಟೆ ತುಂಬಿಸದ ಕಸುಬನ್ನು ಕೇವಲ ಅಭಿಮಾನದಿಂದ ಉಳಿಸಿಕೊಳ್ಳಿರೆಂದು ಯಾರೂ ಹೇಳಲಾರರು.

ಒಂದೇ ಕಸುಬನ್ನು ನಂಬಿದ ಊರುಗಳು ಬೇರೆ ದೇಶಗಳಲ್ಲಿಯೂ ಇದ್ದವು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಪ್ಯಾಟರ್ಸನ್ ನಗರವು ಅವುಗಳಲ್ಲಿ ಒಂದು. ಪಸೇಯಿಕ್ ನದಿಯ ಜಲಪಾತದ ಬಳಿ 1792ರಲ್ಲಿ ಸ್ಥಾಪಿತವಾದ ಆ ಊರು ನೀರಿನ ಬಲದಿಂದ ಗಿರಣಿಗಳನ್ನು ನಡೆಸಿ ‘ರೇಷ್ಮೆಯ ನಗರ’ವೆಂದು ಪ್ರಸಿದ್ಧವಾಯಿತು. ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ಬಂದವರು ಅಲ್ಲಿ ಮಗ್ಗ ನಡೆಸಿದರು. ಒಬ್ಬನೇ ಎರಡರ ಬದಲು ನಾಲ್ಕು ಮಗ್ಗಗಳನ್ನು ನೋಡಿಕೊಳ್ಳಬೇಕೆಂಬ ಕ್ರಮ ಬಂದಾಗ, ಅದನ್ನು ವಿರೋಧಿಸಿ, ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಕೋರಿ 1913ರಲ್ಲಿ ಸಾವಿರಾರು ಕೆಲಸಗಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಅಂದು ಅವರು ಸೋತರು. ಮುಂದೆ ಗಿರಣಿಗಳು ಕಡಿಮೆ ಕೂಲಿಯ ಊರುಗಳಿಗೆ ಹೊರಟುಹೋದವು. ಪ್ಯಾಟರ್ಸನ್ನಿನಲ್ಲಿ ಜಲಪಾತ ಇಂದಿಗೂ ಧುಮುಕುತ್ತಿದೆ. ರೇಷ್ಮೆಯ ಮಗ್ಗಗಳ ಆ ಕಾಲ ಮುಗಿದುಹೋಗಿದೆ.

ದೊಡ್ಡಬಳ್ಳಾಪುರಕ್ಕೂ ಪ್ಯಾಟರ್ಸನ್ನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಮಗ್ಗಗಳು ದೊಡ್ಡ ಗಿರಣಿಗಳಲ್ಲಿದ್ದವು. ಒಡೆಯನು ಹೊರಟಾಗ ಮಗ್ಗವೂ ಹೊರಟಿತು. ಇಲ್ಲಿ ಅನೇಕ ಮಗ್ಗಗಳು ನೇಕಾರರ ಮನೆಗಳಲ್ಲಿಯೇ ಇವೆ. ಮನೆಯಲ್ಲಿ ನೆಟ್ಟ ಮಗ್ಗ ಬೇಗನೆ ಊರು ಬಿಡುವುದಿಲ್ಲ. ಆದರೆ ಅದು ತಾನೇ ತಾನಾಗಿ ಉಳಿಯುವುದೂ ಇಲ್ಲ. ನ್ಯಾಯವಾದ ಬೆಲೆ, ಹೊಸ ವಿನ್ಯಾಸ, ಸಹಕಾರದ ಬಲ, ಶುದ್ಧವಾದ ನೀರು, ಇವು ನಾಲ್ಕೂ ಕೂಡಿ ಬಂದರೆ ಮಾತ್ರ ಅದು ಉಳಿದೀತು.

ಹಾಸಿನ ಒಂದು ಎಳೆ ಕಡಿದರೆ ನೇಕಾರನು ಮಗ್ಗವನ್ನು ನಿಲ್ಲಿಸುತ್ತಾನೆ. ಕಡಿದ ತುದಿಯನ್ನು ಹುಡುಕಿ, ಗಂಟುಹಾಕಿ, ಮತ್ತೆ ಮಗ್ಗವನ್ನು ನಡೆಸುತ್ತಾನೆ. ಕಡಿದ ಎಳೆಯನ್ನು ಕಾಣದವನಂತೆ ಮುಂದುವರಿದರೆ ಸೀರೆಯ ಉದ್ದಕ್ಕೂ ಒಂದು ಗೆರೆ ಉಳಿದುಬಿಡುತ್ತದೆ. ಊರನ್ನು ನಡೆಸುವ ರೀತಿಯೂ ಇದೇ ಎಂಬುದನ್ನು ದೊಡ್ಡಬಳ್ಳಾಪುರದ ಜನ ತಮ್ಮ ಕಸುಬಿನಿಂದಲೇ ಬಲ್ಲರು.

ಅಭ್ಯಾಸ

1. ಊರಿಗೆ ಬಳ್ಳಾಪುರವೆಂಬ ಹೆಸರು ಬಂದ ಬಗೆಯನ್ನು ಜನರು ಹೇಗೆ ವಿವರಿಸುತ್ತಾರೆ?
2. ರೇಷ್ಮೆಯ ನೂಲನ್ನು ಸಾಬೂನಿನ ನೀರಿನಲ್ಲಿ ಕುದಿಸುವುದೇಕೆ?
3. ‘ಅವನ ಹಿಂದೆ ಒಂದು ಬೀದಿಯೇ ನಿಂತಿರುತ್ತದೆ.’ ಈ ಮಾತನ್ನು ಸಂದರ್ಭಸಹಿತ ವಿವರಿಸಿ.
4. ದೊಡ್ಡಬಳ್ಳಾಪುರಕ್ಕೂ ಪ್ಯಾಟರ್ಸನ್ ನಗರಕ್ಕೂ ಇರುವ ಸಾಮ್ಯ, ವ್ಯತ್ಯಾಸಗಳನ್ನು ಬರೆಯಿರಿ.
5. ನಿಮ್ಮ ಊರಿನ ಮುಖ್ಯ ಕಸುಬು ಯಾವುದು? ಅದರಲ್ಲಿ ಯಾರು ಯಾರ ಕೈಗಳು ಸೇರುತ್ತವೆ ಎಂಬುದನ್ನು ಹಿರಿಯರಿಂದ ಕೇಳಿ ಒಂದು ಪುಟ ಬರೆಯಿರಿ.